ದುರ್ಗವ್ವ ಕೊಟ್ಟ ಬನ್ನಿ

ದುರ್ಗವ್ವಾ, ಆಳುಗಳ ವಿಮೆ ಬೇಡವೆಂದವನು ಟ್ರ್ಯಾಕ್ಟರಿನ ಮಾಲೀಕ ಈರಣ್ಣನಲ್ಲ. ಅದನ್ನು ಬಿಟ್ಟವನು ನಾನು. ಗಂಗಾವತಿಯ ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದು ಸುಳ್ಳು — ಹಸಿ ಸುಳ್ಳು. ಇಷ್ಟು ವರ್ಷ ನೀನು ಅವನಿಗೆ ಹಿಡಿಶಾಪ ಹಾಕಿದ್ದು ನನ್ನ ಪಾಪಕ್ಕೆ.

ನಿನಗೆ ತಿಳಿಯುವಂತೆ ಹೇಳಬೇಕು. ಗಾಡಿ ಡಿಕ್ಕಿಯಾಗಿ ಎದುರಿನವರಿಗೆ ಏನಾದರೂ ಆದರೆ ಕೊಡುವ ವಿಮೆಯ ದರವನ್ನು ಸರ್ಕಾರವೇ ಕಟ್ಟಿಟ್ಟಿತ್ತು; ಅದರಲ್ಲಿ ನಾವು ಏಜೆಂಟರು ಕೈಯಾಡಿಸುವಂತಿರಲಿಲ್ಲ. ಉಳಿದ ದರಗಳನ್ನು ಕಂಪನಿಗಳ ಇಷ್ಟಕ್ಕೆ ಬಿಟ್ಟ ಮೇಲೆ ನೋಡು, ನಮ್ಮ ಸಂತೆ ಶುರುವಾಯಿತು. ನನ್ನ ಅಂಗಡಿಯ ಎದುರಿಗೇ ಇನ್ನೊಬ್ಬ ಏಜೆಂಟ ಬೋರ್ಡು ಹಾಕಿದ. ನಾನು ಎಷ್ಟು ಹೇಳಿದರೂ ಅವನು ಅದಕ್ಕಿಂತ ಕಡಿಮೆ ಹೇಳುತ್ತಿದ್ದ. ರಿಯಾಯಿತಿಯೆಲ್ಲ ಕೊಟ್ಟು ಮುಗಿದ ಮೇಲೆ ಇನ್ನೇನು ಇಳಿಸುವುದು? ಟ್ರೇಲರಿನದು, ಅದರಲ್ಲಿ ಕೂರುವ ಆಳುಗಳದು — ಅವನ್ನು ಸದ್ದಿಲ್ಲದೆ ಬಿಟ್ಟೆ. ಗಿರಾಕಿಗೆ ಹೇಳಲಿಲ್ಲ. ಟ್ರ್ಯಾಕ್ಟರಿಗೆ ವಿಮೆ ಇದ್ದರೆ ಎಲ್ಲದಕ್ಕೂ ಇದ್ದಂತೆ ಎಂದೇ ನಮ್ಮ ಕಡೆಯವರ ತಿಳಿವಳಿಕೆ. ಆ ತಿಳಿವಳಿಕೆಯ ಮೇಲೆ ನಾನು ಬದುಕಿದೆ.

ಆದರೆ ಈರಣ್ಣ ಕೇಳಿದ್ದ. ಅದೇ ನನ್ನನ್ನು ಸುಡುವುದು. ಗದ್ದೆಯಿಂದ ನೇರ ಬಂದವನು, ಕಾಲಲ್ಲಿ ಇನ್ನೂ ಕೆಸರು. ಅಂಗಡಿ ಹೊಲಸಾಗುತ್ತದೆಂದು ಬಾಗಿಲಲ್ಲೇ ನಿಂತು ಹೇಳಿದ:

"ಆಳುಗಳದೂ ಹಾಕ್ರಿ ಅಣ್ಣಾರ. ನಾಟಿ ದಿನದಾಗ ನಮ್ಮ ನವಲಿ ಊರಿನ ಹೆಣ್ಮಕ್ಕಳು ಟ್ರೇಲರ್‌ನ್ಯಾಗ ಕುಂತ ಬರ್ತಾರ."

"ಎಲ್ಲಾ ಅದರಾಗ ಬಂತೋ ಮಾರಾಯ. ಸುಮ್ನ ಸಹಿ ಮಾಡು" ಎಂದೆ.

ಎದುರಿನ ಅಂಗಡಿಯವನು ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಗಿರಾಕಿ ಅಲ್ಲಿಗೆ ದಾಟಬಾರದು — ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಈರಣ್ಣ ಸಹಿ ಮಾಡಿದ, ಕೈಮುಗಿದು ಹೋದ.

ಆ ನಾಟಿಯಲ್ಲೇ ಕಾಲುವೆಯ ಏರಿಯ ಮೇಲೆ ಟ್ರೇಲರ್ ಮಗುಚಿತು. ನಿನ್ನ ಬಲಗೈ... ನಾನು ಆಸ್ಪತ್ರೆಗೆ ಬಂದಿದ್ದೆ, ನಿನಗೆ ನೆನಪಿಲ್ಲದಿರಬಹುದು. ಕೈ ಇದ್ದ ಜಾಗದಲ್ಲಿ ಬ್ಯಾಂಡೇಜು ನೋಡಿದೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕೋರ್ಟಿನಲ್ಲಿ ಕಂಪನಿಯ ವಕೀಲರು ಕೇಳಿದರು, ಆಳುಗಳ ವಿಮೆ ಬೇಡವೆಂದವರು ಯಾರು ಎಂದು. ನಾನು ಅಂದೆ: "ಮಾಲೀಕರ ರೀ. ನಾ ಹೇಳಿದ್ನಿ, ಅವರ ಬ್ಯಾಡ ಅಂದ್ರು."

ಈರಣ್ಣ ನನ್ನ ಮುಖ ನೋಡಿದ. ಈಗ ಕೂಗಾಡುತ್ತಾನೆ, ಈಗ ನನ್ನ ಮುಖಕ್ಕೆ ಮಸಿ ಬಳಿಯುತ್ತಾನೆ ಎಂದು ನಾನು ಕಟಕಟೆ ಹಿಡಿದುಕೊಂಡೆ. ಅವನು ಜಡ್ಜ್ ಸಾಹೇಬರ ಕಡೆ ತಿರುಗಿ ಹೇಳಿದ:

"ಅಣ್ಣಾರ ಹೇಳಿದ್ರ ಹಂಗ ಇರಬೇಕ್ರಿ. ನನಗ ಮರತಿರಬೇಕು."

ತನ್ನ ನೆನಪಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ, ಪುಣ್ಯಾತ್ಮ. ನಾನು ಕಟಕಟೆ ಇಳಿದು ಬಂದೆ.

ಕಂಪನಿ ಕೈ ತೊಳೆದುಕೊಂಡಿತು. ಪರಿಹಾರ ಈರಣ್ಣನ ತಲೆಗೆ ಬಂತು. ಟ್ರ್ಯಾಕ್ಟರು ಮಾರಿದರೂ ತೀರಲಿಲ್ಲ; ಈಗ ಇನ್ನೊಬ್ಬರ ಟ್ರ್ಯಾಕ್ಟರು ಓಡಿಸುತ್ತಾನೆ. ನಿನಗೆ ಪೂರ್ತಿ ಪರಿಹಾರವೂ ಸಿಗಲಿಲ್ಲ, ಹಾಕಿಸಿಕೊಳ್ಳಬೇಕಾಗಿದ್ದ ಕೃತಕ ಕೈಯೂ ಬರಲಿಲ್ಲ. ನಿನ್ನ ಪರವಾಗಿ ಮಾಲೀಕನ ವಿರುದ್ಧ ನಿಜ ಹೇಳಿದ ದೊಡ್ಡ ಮನುಷ್ಯ ಅಂತ ನೀನು ಊರಿಗೆಲ್ಲ ನನ್ನ ಹೆಸರು ಹೇಳಿದೆ. ಥೂ!

ಕಳೆದ ದಸರೆಯ ಸಂಜೆ ನೀನು ನಮ್ಮ ಮನೆಗೆ ಬಂದೆ. ಎಡಗೈಯಿಂದ ನನ್ನ ಅಂಗೈಯಲ್ಲಿ ಬನ್ನಿ ಎಲೆ ಇಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಅಣ್ಣಾರ" ಎಂದು ನನ್ನ ಕಾಲಿಗೆ ಬಾಗಿದೆ. ಅಷ್ಟರಲ್ಲಿ ಈರಣ್ಣನೂ ಬಂದ — ಪ್ರತಿ ವರ್ಷ ಬರುತ್ತಾನೆ, ನಾನು ಹಿರಿಯನೆಂದು. ನಿನ್ನನ್ನು ಕಂಡು ಗಲಿಬಿಲಿಗೊಂಡ. ಆಮೇಲೆ ನಿನಗೂ ಬನ್ನಿ ಚಾಚಿದ. ಎಂಥ ಜಗಳವಿದ್ದರೂ ಆ ದಿನ ಬನ್ನಿ ಬೇಡವೆನ್ನುವುದು ನಮ್ಮಲ್ಲಿಲ್ಲ. ನೀನು ಬೇಡವೆಂದೆ.

"ಆಳಿನ ಜೀವಕ್ಕ ಕಿಮ್ಮತ್ತ ಕೊಡದವನ ಬನ್ನಿ ನನಗ್ಯಾಕ?"

"ಇರ್ಲಿ ಬಿಡವ್ವ, ನಿಂದೇನೂ ತಪ್ಪಿಲ್ಲ" ಎಂದು ಅವನು ಎಲೆಗಳನ್ನು ಜೇಬಿಗೆ ಹಾಕಿಕೊಂಡ.

ಆಗ ನಾನೇನು ಮಾಡಿದೆ ಗೊತ್ತೇ? ಒಳಗೆ ಕೂಗಿ ಚಹಾ ತರಿಸಿದೆ. ಇಬ್ಬರಿಗೂ.

ಮೊನ್ನೆ ವಕೀಲರನ್ನು ಕೇಳಿದೆ. ಸುಳ್ಳು ಸಾಕ್ಷಿ ಒಪ್ಪಿಕೊಂಡರೆ ಜೈಲೂ ಆಗಬಹುದು, ಏಜೆನ್ಸಿಯಂತೂ ಹೋಗುತ್ತದೆ ಅಂದರು. "ಆಗಿದ್ದು ಆಗಿಹೋತು, ಸುಮ್ನಿರ್ರಿ" ಎಂದು ಬುದ್ಧಿಯನ್ನೂ ಹೇಳಿದರು. ಸುಮ್ಮನಿರುವುದು ನನಗೆ ಬೇರೆಯವರು ಕಲಿಸಬೇಕೆ — ಇಷ್ಟು ವರ್ಷ ಮಾಡಿದ್ದು ಅದನ್ನೇ. ತಪ್ಪೊಪ್ಪಿಗೆಯ ಅರ್ಜಿ ಬರೆಯಿರಿ ಎಂದು ಹೇಳಿ ಬಂದಿದ್ದೇನೆ. ಅದರಿಂದ ನಿನ್ನ ಕೈ ಬರುವುದಿಲ್ಲ. ಅವನ ಟ್ರ್ಯಾಕ್ಟರು ಬರುತ್ತದೋ ಇಲ್ಲವೋ, ನನಗೆ ತಿಳಿಯದು.

ನಾಳೆ ಬೆಳಿಗ್ಗೆ ನವಲಿಗೆ ಬರುತ್ತೇನೆ. ಮೊದಲು ಈರಣ್ಣನ ಮನೆ, ಆಮೇಲೆ ನಿನ್ನದು. ಇಲ್ಲಿ ಬರೆದುಕೊಂಡದ್ದನ್ನೆಲ್ಲ ನಿನ್ನೆದುರಿಗೆ ನಿಂತು ಬಾಯಿಬಿಟ್ಟು ಹೇಳುತ್ತೇನೆ. ನೀನು ಉಗುಳಿದರೆ ಒರೆಸಿಕೊಳ್ಳುವುದಿಲ್ಲ.

ಈ ದಸರೆಗೆ ನಮ್ಮ ಮನೆಗೆ ಬರಬೇಡ, ದುರ್ಗವ್ವ. ಈರಣ್ಣ ಬನ್ನಿ ಹಿಡಿದು ಬಂದರೆ ಕೈ ಚಾಚು.