ಎರಡು ಸಿಲಿಂಡರಿನ ಗಾಡಿ

ನನ್ನ ಗಂಡನ ಹತ್ತಿರ ಎರಡು ಸಿಲಿಂಡರಿನ ಹಳೆಯ ಬೈಕೊಂದಿದೆ. ನಮ್ಮ ಮದುವೆಗಿಂತ ಹಳೆಯದು. ನಾನದನ್ನು ಸವತಿ ಎಂದೇ ಕರೆಯುವುದು. ಅದಕ್ಕೆ ಎರಡು ಕಾರ್ಬ್ಯುರೇಟರ್. ಎರಡೂ ಪೆಟ್ರೋಲನ್ನೂ ಗಾಳಿಯನ್ನೂ ಒಂದೇ ಹದದಲ್ಲಿ ಕೊಡಬೇಕು, ಇಲ್ಲದಿದ್ದರೆ ಗಾಡಿ ಕುಂಟುತ್ತದೆ. ಮೀಟರು ಗೀಟರು ಇವರು ಮುಟ್ಟಿದವರಲ್ಲ. ತಲೆ ಓರೆ ಮಾಡಿ, ಕಣ್ಣು ಮುಚ್ಚಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ ಇಂಜಿನಿನ ಸದ್ದು ಕೇಳಿಸಿಕೊಳ್ಳುತ್ತಿದ್ದರು. ಭಾನುವಾರ ಬೆಳಿಗ್ಗೆ ವಿಜಯನಗರದ ನಮ್ಮ ಮನೆ ಮುಂದೆ ಅತ್ತಿಗುಪ್ಪೆ, ಸುಂಕದಕಟ್ಟೆಯಿಂದೆಲ್ಲ ಹಳೆ ಗಾಡಿಯವರು ಬಂದು, "ಅಣ್ಣಾ, ಒಂಚೂರು ಕೇಳಿ" ಎನ್ನುತ್ತಿದ್ದರು. ವಾರವೆಲ್ಲ ರಾಜಾಜಿನಗರದ ಕಾರ್ಖಾನೆಯಲ್ಲಿ ತಗಡು ಬಡಿಯುವ ಪ್ರೆಸ್ಸಿನ ಮುಂದೆ ನಿಲ್ಲುವ ಮನುಷ್ಯನಿಗೆ ಮರ್ಯಾದೆ ಸಿಗುತ್ತಿದ್ದುದು ಆ ಒಂದು ಬೆಳಿಗ್ಗೆ.

ಆ ಪ್ರೆಸ್ಸೇ ಅವರ ಕಿವಿ ತಿನ್ನುತ್ತಿದೆ ಎಂದು ನನಗೆ ಹೊಳೆಯಲು ತಡವಾಯಿತು. ನನಗೋ ಮೂಗಿನ ತುದಿಯಲ್ಲೇ ಕೋಪ. ಕೂಗಿದರೆ ಓಗೊಡುವುದಿಲ್ಲವೆಂದು ಜಗಳವಾಡಿ, ಎರಡು ದಿನ ಮಾತು ಬಿಟ್ಟೆ. ಮಾತು ಬಿಟ್ಟದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಆಷಾಢದಲ್ಲಿ ಒಂದು ದಿನ ಮಾಗಡಿ ರೋಡಿನಲ್ಲಿ ಗಾಡಿ ಮೇಲೆ ಹೋಗುವಾಗ ಹಿಂದಿನಿಂದ ಬಸ್ಸು ಹಾರನ್ ಮೇಲೆ ಹಾರನ್ ಹೊಡೆಯಿತು. ಇವರು ಪಕ್ಕಕ್ಕೆ ಸರಿಯಲಿಲ್ಲ. ಹಿಂದೆ ಕೂತಿದ್ದ ನಾನು ಅವರ ಭುಜ ಹಿಡಿದು ಎಡಕ್ಕೆ ಜಗ್ಗಿದೆ. "ಯಾಕೇ, ಭಯ ಆಯ್ತಾ?" ಎಂದು ನಕ್ಕರು. ಆಗ ಅರ್ಥವಾಯಿತು. ಡಾಕ್ಟರ ಹತ್ತಿರ ಹೋಗೋಣ ಎನ್ನಲು ಬಾಯಿ ಬರಲಿಲ್ಲ. ಹೇಳಿದರೆ ಆ ಭಾನುವಾರಗಳನ್ನು ನಾನೇ ಕಿತ್ತುಕೊಂಡಂತಾಗುತ್ತದೆ ಎಂದು ಹೆದರಿದೆ.

ದೀಪಾವಳಿ ಮುಗಿದ ಮೇಲಿನ ಭಾನುವಾರ ಸವತಿಯ ಸರದಿ. ಮೊದಲು ಕಿಡಿಯ ಕೆಲಸ. ತೆರೆದು ಮುಚ್ಚಿ ಕಿಡಿ ಹೊಡೆಸುವ ಪಾಯಿಂಟಿನ ನಡುವೆ ಸಿಗರೇಟು ಪ್ಯಾಕಿನ ತೆಳು ಕಾಗದ ಸಿಕ್ಕಿಸಿ, ಅದು ಸಡಿಲವಾಗುವ ಗಳಿಗೆ ನೋಡಿ ಟೈಮಿಂಗ್ ಕೂರಿಸಿದರು. ಅದು ಬೆರಳಿನ ಕೆಲಸ, ತಪ್ಪಲಿಲ್ಲ. ಆಮೇಲೆ ಗಾಡಿ ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ, ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸುತ್ತಾ ಹೋದರು. ಬಲಗಡೆಯ ಸಿಲಿಂಡರ್ ತೊದಲಿತು, ಸ್ವಲ್ಪ ಹೊತ್ತಿಗೆ ಸತ್ತೇ ಹೋಯಿತು. ಗಾಡಿ ಎಡಗಡೆಯ ಒಂದರಲ್ಲೇ ಏದುತ್ತಿತ್ತು. ಸುತ್ತ ನಿಂತಿದ್ದವರು ಮುಖ ಮುಖ ನೋಡಿಕೊಂಡರು.

"ಈಗ ಬಂತು ನೋಡಿ ಲೈನಿಗೆ" ಎಂದು ಇವರು ಎದ್ದು ಕೈ ಒರೆಸಿಕೊಂಡರು.

"ಸೂಪರ್ ಅಣ್ಣಾ" ಎಂದ ಒಬ್ಬ, ನೆಲ ನೋಡುತ್ತಾ.

ಆ ಕನಿಕರ ನನಗೆ ಸಹಿಸಲಾಗಲಿಲ್ಲ. ತಪ್ಪಿದ್ದರೆ ಎದುರಿಗೇ ಹೇಳುತ್ತಿದ್ದ ಜನ ಅವರು. ಮೆಟ್ಟಿಲಿಳಿದು ಬಂದು, ಇವರ ಕೈ ಹಿಡಿದು ಕೂರಿಸಿ, ಅಂಗೈಯನ್ನು ಎಡಗಡೆಯ ಸಿಲಿಂಡರಿನ ಸೈಲೆನ್ಸರ್ ಬಾಯಿಗೆ ಹಿಡಿಸಿದೆ. ಬಿಸಿ ಹೊಗೆ ಬಡಿಯಿತು. ಆಮೇಲೆ ಬಲಗಡೆಯದಕ್ಕೆ. ತಣ್ಣನೆ ಗಾಳಿ, ಅಷ್ಟೇ. ಅವರು ಬಹಳ ಹೊತ್ತು ಕೈ ತೆಗೆಯಲಿಲ್ಲ. ಕೊನೆಗೆ ತಾವೇ ಗಾಡಿ ಆಫ್ ಮಾಡಿದರು.

"ನನ್ ಕಿವಿ ಹಿಂಗಾಗಿರೋದು ಯಾವಾಗಿಂದ ಗೊತ್ತು ನಿಂಗೆ?"

"ಆಷಾಢದಿಂದ ಕಣ್ರೀ" ಎಂದೆ, ಅವರೊಬ್ಬರಿಗೇ ಕೇಳಲೆಂದು ಮೆಲ್ಲಗೆ.

"ಏನಂದೆ?"

ಎಲ್ಲರೂ ನಿಂತೇ ಇದ್ದರು. ಕೂಗಿ ಹೇಳಬೇಕಾಯಿತು.