ಕೇಪು ತೆಗೆದ ಕೋವಿ

ಮೊನ್ನೆ ಹೊಳೆನರಸೀಪುರದ ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಗೋಡೆಯ ಟಿ.ವಿ.ಯಲ್ಲಿ ಯಾವುದೋ ಧಾರಾವಾಹಿ. ಒಬ್ಬ ಇನ್ನೊಬ್ಬನ ಹಣೆಗೆ ಪಿಸ್ತೂಲು ಹಿಡಿದು ಮಾತಾಡುತ್ತಿದ್ದ. ಪ್ರತಿ ಮಾತಿಗೂ ಪಿಸ್ತೂಲು ಕಟಕ್ ಎನ್ನುತ್ತಿತ್ತು.

"ಎಷ್ಟ್ ಸಲ ಎಳೀತಾನೆ ಸಾ ಇವ್ನು, ಒಡೆಯೋದೊಂದ್ ಬಿಟ್ಟು" ಎಂದು ಎದುರಿಗಿದ್ದ ತೆಂಗಿನಕಾಯಿ ವ್ಯಾಪಾರಿ ನಕ್ಕ. ನನಗೂ ನಗು ಬರಬೇಕಿತ್ತು. ಲೋಟ ಕೆಳಗಿಟ್ಟು ಟಿ.ವಿ.ಗೆ ಬೆನ್ನು ಮಾಡಿ ಕೂತೆ.

ನೀವೂ ನೋಡಿರುತ್ತೀರಿ. ಪರದೆಯ ಮೇಲಿನ ಬಂದೂಕಿಗೆ ತೂಕವಿಲ್ಲ. ಹೊಡೆದವನ ಭುಜ ಹಿಂದಕ್ಕೆ ಹೋಗುವುದಿಲ್ಲ. ಯಾರಿಗೆ ಯಾವ ಬಂದೂಕು ಎಂಬುದಕ್ಕೂ ಅಲ್ಲೊಂದು ಲೆಕ್ಕಾಚಾರವಿದೆ. ಸಾಹುಕಾರನಿಗೆ ಜೋಡಿನಳಿಗೆ, ಪೊಲೀಸಿಗೆ ಪಿಸ್ತೂಲು, ಬಡವನಿಗೆ ತುಕ್ಕು ಹಿಡಿದದ್ದು. "ಬಂದೂಕ ನೋಡಿದ್ರೇನೇ ಮನುಷ್ಯ ಎಂಥೋನು ಅಂತ ಗೊತ್ತಾಗ್ಬೇಕು ಸರ್" ಎಂದು ಇದನ್ನು ನನಗೆ ಹೇಳಿಕೊಟ್ಟವನು ಶಿವು. ಮೂರು ವರ್ಷದ ಹಿಂದೆ ಮಲ್ಲಿಪಟ್ಟಣಕ್ಕೆ ಬಂದ ಒಂದು ಧಾರಾವಾಹಿ ತಂಡದಲ್ಲಿ ಸಾಮಾನು ಸರಂಜಾಮು ಒದಗಿಸುವುದು ಅವನ ಕೆಲಸ.

ಮಲ್ಲಿಪಟ್ಟಣ ನನ್ನ ಸೋದರಮಾವನ ಊರು. ಚಿತ್ರೀಕರಣಕ್ಕೆ ಅವರ ಅಂಗಳ, ಕೊಟ್ಟಿಗೆ ಕೊಡಿಸಿದವನು ನಾನು. ಚನ್ನರಾಯಪಟ್ಟಣದಲ್ಲಿ ನಾಟಕ ಆಡಿಕೊಂಡಿದ್ದ ನನ್ನ ಹಳೆಯ ವಿದ್ಯಾರ್ಥಿ ಮಂಜುವಿಗೆ ಕಳ್ಳನ ಪಾತ್ರ ಕೊಡಿಸಿದವನೂ ನಾನೇ. ಕಾಲೇಜಿನಲ್ಲಿ ಪಾಠ ಹೇಳುವ ಮನುಷ್ಯ ಆ ಎರಡು ದಿನ ಕಪ್ಪು ಕನ್ನಡಕ ಹಾಕಿಕೊಂಡು ಕ್ಯಾಮೆರಾ ಹಿಂದೆ ಕೈಕಟ್ಟಿ ನಿಂತಿದ್ದೆ. ಹಾಗೆ ನಿಲ್ಲಬೇಕೆಂದು ಯಾರೂ ಹೇಳಿರಲಿಲ್ಲ.

ತೋಟದ ಕಾವಲುಗಾರ ಕಳ್ಳನಿಗೆ ಗುಂಡು ಹೊಡೆಯುವ ದೃಶ್ಯ. ಶಿವು ತಂದಿದ್ದ ಮರದ ಬಂದೂಕನ್ನು ನೋಡಿ ನಿರ್ದೇಶಕರು, "ಇದೇನಯ್ಯಾ, ಪೊರಕೆ ಹಿಡ್ಕೊಂಡಂಗಿದೆ" ಎಂದರು. ಎಲ್ಲರೂ ನಕ್ಕರು. ಆಗ ನಾನು ಬಾಯಿಬಿಟ್ಟೆ: "ಮಾವನ ಮನೇಲಿ ನಿಜವಾದದ್ದೇ ಇದೆ."

ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಮಾವ ಲೈಸೆನ್ಸು ಮಾಡಿಸಿದ್ದ ಹಳೆಯ ಕೋವಿ ಅದು. ಬೇರೆಯವರ ಕೈಗೆ ಕೊಡುವಂತಿಲ್ಲ ಎಂಬುದು ನನಗೆ ಗೊತ್ತಿತ್ತು. ಮಾವ ಗದ್ದೆಗೆ ಹೋಗಿದ್ದರು. ಗೋಡೆಯಿಂದ ಇಳಿಸಿ ತಂದೆ.

"ಲೋಡ್ ಇಲ್ಲ ತಾನೇ ಸರ್?" ಎಂದು ಶಿವು ಕೇಳಿದ.

"ಇಲ್ಲ, ಕೇಪು ತೆಗೆದಿದೆ" ಎಂದೆ.

ಆ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ತುಂಬಿ ಗಜವೆಂಬ ಉದ್ದ ಸರಳಿನಿಂದ ಜಡಿಯಬೇಕು. ಒಮ್ಮೆ ಜಡಿದರೆ ಹೊರಗೆ ತೆಗೆಯುವುದು ದೊಡ್ಡ ರಗಳೆ. ಆದ್ದರಿಂದ ನಮ್ಮ ಕಡೆ ಅದನ್ನು ತೆಗೆಯುವುದೇ ಇಲ್ಲ. ಕಿಡಿ ಹೊತ್ತಿಸುವ ಪುಟ್ಟ ಕೇಪನ್ನು ಮಾತ್ರ ಕಿತ್ತು ದೇವರ ಗೂಡಿನ ಡಬ್ಬಿಯಲ್ಲಿಟ್ಟು, ಕೋವಿಯನ್ನು ನೆಮ್ಮದಿಯಾಗಿ ಗೋಡೆಗೆ ತೂಗುಹಾಕುತ್ತಾರೆ. ಚಿಕ್ಕಂದಿನಿಂದ ನೋಡಿದ್ದೆ. ಕೇಪಿಲ್ಲದ ಕೋವಿಗೆ ಮನೆಯಲ್ಲಿ ಯಾರೂ ಹೆದರುತ್ತಿರಲಿಲ್ಲ. ಶಿವು ಬೆಂಗಳೂರಿನವನು, ಅವನಿಗೇನು ಗೊತ್ತು? ಸ್ವಲ್ಪ ಹೊಗೆ ಕಂಡರೆ ಚೆನ್ನಾಗಿರುತ್ತದೆಂದು ದೀಪಾವಳಿಯ ಆಟದ ಪಿಸ್ತೂಲಿನ ಪಟಾಕಿಯನ್ನು ಕೇಪಿನ ಜಾಗಕ್ಕೆ ಅಂಟಿಸಿದ.

ಹೊಡೆಯುವ ಮೊದಲು ಕ್ಯಾಮೆರಾದವನು, "ನಳಿಗೆ ಮಂಜು ಮುಖಕ್ಕೆ ಅಡ್ಡ ಬರ್ತಿದೆ, ಒಂಚೂರು ಎಡಕ್ಕೆ ತಗೊಳ್ಳಿ" ಎಂದ. ಕಾವಲುಗಾರನ ಪಾತ್ರದವರು ಒಂಚೂರು ಎಡಕ್ಕೆ ತೆಗೆದುಕೊಂಡರು. ಆ ಒಂಚೂರನ್ನು ನಾನು ಈಗಲೂ ಅಳೆಯುತ್ತಿರುತ್ತೇನೆ.

ಸದ್ದು ಟಿ.ವಿ.ಯಲ್ಲಿ ಬರುವ ಹಾಗಿರಲಿಲ್ಲ. ಒದ್ದೆ ಗೋಡೆ ಕುಸಿದ ಹಾಗೆ ದಢ್ ಎಂದಿತು. ಮಂಜು ಬಿದ್ದ. ಅವನು ಬೀಳಬೇಕಾಗಿದ್ದದ್ದೇ ಹಾಗೆ. ಹೊಗೆ ಸರಿದ ಮೇಲೆ, ಅವನ ಹಿಂದಿನ ಕೊಟ್ಟಿಗೆ ಗೋಡೆಯಲ್ಲಿ ಅಂಗೈಯಗಲ ಮಣ್ಣು ಉದುರಿದ್ದು ಕಂಡಿತು. ಯಾರ ಬಾಯಿಂದಲೂ ಕಟ್ ಎಂಬ ಮಾತು ಬರಲಿಲ್ಲ. ಎಷ್ಟು ಹೊತ್ತೋ, ಮುಖ ಮಣ್ಣಿಗೆ ಮಾಡಿಕೊಂಡೇ ಮಂಜು ಕೇಳಿದ: "ಸಾ, ಇನ್ನೂ ಕಟ್ ಅನ್ನಿಲ್ವಲ್ಲ, ಏಳ್ಲಾ?"

ಸದ್ದು ಕೇಳಿ ಮಾವ ಗದ್ದೆಯಿಂದ ಓಡಿಬಂದರು. ಮೊದಲು ಮಂಜುವಿನ ತಲೆ, ಎದೆ ಮುಟ್ಟಿ ನೋಡಿದರು. ಆಮೇಲೆ ನನ್ನನ್ನು ಕೊಟ್ಟಿಗೆಯ ಮರೆಗೆ ಕರೆದರು. "ಕೇಪ್ ತಗುದ್ರೆ ಬಾಗ್ಲಾಕ್ದಂಗೆ ಕಣ್ಲಾ. ಒಳಗಿರೋನು ಒಂಟೋಯ್ತಾನಾ? ಓದ್ದೋನು ನೀನು." ಅಷ್ಟೇ. ಆ ವಾರವೇ ಕೋವಿಯನ್ನೂ ಲೈಸೆನ್ಸನ್ನೂ ಠಾಣೆಗೆ ಒಪ್ಪಿಸಿ ಬಂದರು.

ಅಂಗಳದಲ್ಲಿ ಆಗಲೇ ತೀರ್ಮಾನವಾಗಿತ್ತು: ಶಿವು ಕೇಳದೆ ನೋಡದೆ ಪಟಾಕಿ ಇಟ್ಟ. ಅಂದೇ ಅವನನ್ನು ಕೆಲಸದಿಂದ ಕಳಿಸಿದರು. ಹೋಗುವಾಗ ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ.

ಧಾರಾವಾಹಿಯಲ್ಲಿ ಅದೇ ದೃಶ್ಯವನ್ನು ಹಾಕಿದರು. ನಿಜವಾದ ಸದ್ದು ಸಪ್ಪೆಯೆನಿಸಿ ಬೇರೆಯದನ್ನು ಸೇರಿಸಿದ್ದರು. ಮಂಜು ಸಹಜವಾಗಿ ಬಿದ್ದನೆಂದು ಜನ ಹೊಗಳಿದರು.

ಹೋಟೆಲಿನಿಂದ ಮನೆಗೆ ಬಂದ ಸಂಜೆಯೇ ಮಂಜುವಿನ ಫೋನು. ಅರಕಲಗೂಡಿನಲ್ಲಿ ಚಿತ್ರೀಕರಣ, ಮತ್ತೆ ಗುಂಡಿನ ದೃಶ್ಯ. "ಸಾಮಾನಿಗೆ ಅದೇ ಶಿವು ಬತ್ತಾವ್ನೆ ಸಾ. ನಂಗೆ ಅವ್ನ್ ಮೇಲೆ ನಂಬ್ಕೆ ಇಲ್ಲ. ನೀವ್ ಬಂದ್ ನೋಡಿ, ಸರಿಯಾಗೈತೆ ಅಂದ್ರೆ ಸಾಕು."

"ಮಂಜು, ಅವತ್ತು ಶಿವು ಕೇಳಿದ್ದ. ಇಲ್ಲ ಅಂದವನು ನಾನು."



"ಮೂರು ವರ್ಷದಿಂದ ಎಲ್ ಸಿಕ್ಕುದ್ರೂ ಅವ್ನ ಮಕ ನೋಡ್ದಂಗೆ ಓಗಿವ್ನಿ ಸಾ ನಾನು" ಎಂದ ಮಂಜು. ಆಮೇಲೆ, "ನಂಗೇಳಿ ಏನ್ ಬಂತು. ಬಂದು ಅವ್ನಿಗೇಳಿ."

ನಾಳೆ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹತ್ತಬೇಕು. ನನ್ನನ್ನು ಕಂಡೊಡನೆ ಶಿವು ಬಂದೂಕನ್ನು ಮುಂದಕ್ಕೆ ಚಾಚಿ, ನೋಡಿ ಸರ್ ಎನ್ನಬಹುದು. ಅವನು ಹಾಗೆ ಕೇಳುವುದಕ್ಕೆ ಮೊದಲೇ ನಾನು ಮಾತಾಡಬೇಕು.