ಧೋತರಕ್ಕೆ ಮುತ್ತಿದ ಇರುವೆ

ಉಟ್ಟು ಬಿಟ್ಟ ಧೋತರ ಎಲ್ಲಿಗೆ ಹೋಗುತ್ತದೆ, ಹೇಗೆ ಬೆಳ್ಳಗಾಗಿ ಮರಳಿ ಗೂಟಕ್ಕೆ ಬರುತ್ತದೆ ಎಂಬುದನ್ನು ಬಾಳಕೃಷ್ಣ ಒಮ್ಮೆಯೂ ನೋಡಿದವನಲ್ಲ. ಧಾರವಾಡದ ಕಚೇರಿಯಲ್ಲಿ ಕಾರಕೂನ. ಸಂಜೆ ಮಾಳಮಡ್ಡಿಯ ಮನೆಗೆ ಬಂದು ಮೈಮೇಲಿನದನ್ನು ಬಚ್ಚಲ ಮೂಲೆಗೆ ಎಸೆಯುತ್ತಿದ್ದ, ಬೆಳಿಗ್ಗೆ ಇನ್ನೊಂದು ಮಡಿಕೆ ಮುರಿಯದೆ ಕೈಗೆ ಸಿಗುತ್ತಿತ್ತು. ನಡುವಿನದೆಲ್ಲ ಹೆಂಡತಿ ತಾರಾಬಾಯಿಯ ಪಾಲು. ಬಾವಿಯಿಂದ ಇಪ್ಪತ್ತು ಕೊಡ ನೀರು, ಒಗೆಯುವ ಕಲ್ಲು, ಸೀಗೆಕಾಯಿಗೆ ಒಡೆದ ಬೆರಳುಗಳು.

ಹಾಗಾಗಿ ಇರುವೆಗಳನ್ನು ಮೊದಲು ಕಂಡವಳೂ ಅವಳೇ. ಅದು ಸಾವಿರದ ಒಂಬೈನೂರ ಮೂವತ್ತೆರಡರ ಬೇಸಿಗೆ. ಧೋತರದ ಮುಂದಿನ ನೆರಿಗೆಯಲ್ಲಿ, ಹನಿ ಬಿದ್ದು ಒಣಗಿದಲ್ಲಿ, ಕೆಂಪಿರುವೆಗಳು ಗುಂಪುಗಟ್ಟಿದ್ದವು. ಅತ್ತೆ ಭಾಗೀರಥಿಬಾಯಿಗೆ ತೋರಿಸಿದಳು.

"ಬೆಲ್ಲದ ಕೈ ನನ್ನ ಮಗನ ಧೋತರಕ್ಕ ವರಸ್ತಿ, ಮ್ಯಾಲ ನನಗ ತೋರಸ್ತಿ" ಎಂದ ಅತ್ತೆ, ಅದನ್ನು ಕೋಲಿನ ತುದಿಯಿಂದೆತ್ತಿ ಅವಳ ಕಾಲ ಬಳಿ ಹಾಕಿದರು. ಆ ದಿನದ ಅರಿವೆಯನ್ನೆಲ್ಲ ಮತ್ತೊಮ್ಮೆ ಒಗೆಸಿದರು.

ಮದುವೆಯಾಗಿ ಒಂಬತ್ತು ವರ್ಷ. ಮೊದಲಿಗೆ ಒಂದು ಹೆಣ್ಣು ಹುಟ್ಟಿ ಎಂಟನೆಯ ದಿನಕ್ಕೆ ಹೋಗಿತ್ತು. ಈಚಿನ ನಾಲ್ಕು ವರ್ಷಗಳಲ್ಲಿ ಬಾಳಕೃಷ್ಣನ ಮೈ ಅವನ ಮಾತು ಕೇಳುತ್ತಿರಲಿಲ್ಲ. ಅವನು ಗೋಡೆಯ ಕಡೆ ತಿರುಗಿ ಮಲಗುವುದನ್ನು ರೂಢಿ ಮಾಡಿಕೊಂಡಿದ್ದ. ಮನೆಯಲ್ಲಿ ಇದಕ್ಕೆ ಎರಡು ಹೆಸರಿದ್ದವು. ಅವನಿಗೆ ಹೇಳುವಾಗ 'ಸ್ವಲ್ಪ ಅಶಕ್ತತನ', ಅವಳಿಗೆ ಹೇಳುವಾಗ 'ಬಂಜಿ'.

ಅಶಕ್ತತನಕ್ಕೆ ಅತ್ತೆ ಒಬ್ಬ ಪಂಡಿತರಿಂದ ಪಾಕ ಬರೆಸಿಕೊಂಡು ಬಂದಿದ್ದರು. ಉದ್ದು ನೆನೆಸಿ ರುಬ್ಬಬೇಕು, ತುಪ್ಪದಲ್ಲಿ ಹುರಿಯಬೇಕು, ಹಾಲು, ಕಲ್ಲುಸಕ್ಕರೆ, ಬೆಲ್ಲ ಹಾಕಿ ತಳ ಹತ್ತದಂತೆ ಎರಡು ತಾಸು ಕೈಬಿಡದೆ ತಿರುವಬೇಕು. ಉಪವಾಸದ ದಿನವೂ ತಿರುವುವವಳು ತಾರಾಬಾಯಿ. ಬಟ್ಟಲು ತುಂಬ ತಿಂದು, ಕೊಡದಷ್ಟು ನೀರು ಕುಡಿದು, ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿಬರುವವನು ಬಾಳಕೃಷ್ಣ. ಮಗನಿಗೆ ನೀರಡಿಕೆ ಹೆಚ್ಚಾದದ್ದು ಔಷಧ ನಾಟುತ್ತಿರುವುದಕ್ಕೆ ಗುರುತು ಎಂದು ಅತ್ತೆ ನಂಬಿದ್ದರು.

ಒಂದು ರವಿವಾರ ಅವನು ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ, ದುರ್ಗದಬೈಲಿನ ಹಕೀಮ ಅಬ್ದುಲಮಜೀದರ ಎದುರು ಕುಳಿತು ಬಂದ. ಅತ್ತೆ ಪುರಾಣ ಕೇಳಲು ಹೋಗಿದ್ದರು. ಊಟಕ್ಕೆ ಕುಳಿತವನು ನಗುತ್ತಾ ಹೇಳಿದ. ಹಕೀಮರು ನಾಡಿ ನೋಡಿ, ನಾಲಿಗೆ ನೋಡಿ, ಕಡೆಗೆ ಒಂದು ವಿಚಿತ್ರ ಪ್ರಶ್ನೆ ಕೇಳಿದರಂತೆ. ನಿಮ್ಮ ಮೂತ್ರಕ್ಕೆ ಇರುವೆ ಬರುತ್ತವೆಯೇ ಎಂದು. ಅಂಥದ್ದನ್ನೇನೂ ನಾನು ಕಂಡಿಲ್ಲ ಎಂದು ಇವನು ಅಂದನಂತೆ. ಜೇನಿನಲ್ಲಿ ಕಲಸಿದ ಔಷಧ ಕೊಟ್ಟು ಕಳಿಸಿದರಂತೆ.

"ಬರ್ತಾವ್ರಿ" ಎಂದಳು ತಾರಾಬಾಯಿ.

"ನಿನಗ ಹ್ಯಾಂಗ ಗೊತ್ತು?"

"ಒಗಿಯಾಕಿ ನಾನ ಅಲ್ರೀ?"

ಅವನು ತಲೆ ತಗ್ಗಿಸಿ ಅನ್ನ ಕಲಸಿದ. ಇರುವೆ ಬಂದರೆ ಏನೆಂದು ಹೇಳಿದರು ಎಂದು ಅವಳು ಬಿಡದೆ ಕೇಳಿದಳು. ತಡೆತಡೆದು ಹೇಳಿದ. ಮೈಯೊಳಗೆ ಸಕ್ಕರೆ ಏರಿದರೆ ನರ ಸೋಲುತ್ತವಂತೆ, ಗಂಡಸು ಹೀಗಾಗುತ್ತಾನಂತೆ. ಅದು ಪಾಪವೂ ಅಲ್ಲ, ಹೆಂಡತಿಯ ಕಾಲ್ಗುಣವೂ ಅಲ್ಲ. ಸಿಹಿ ಬಿಟ್ಟು ದೊಡ್ಡ ಡಾಕ್ಟರಿಗೆ ತೋರಿಸಿದರೆ ಜೀವ ಉಳಿಯುತ್ತದೆ, ಕೆಲವರಿಗೆ ಹೋದ ಶಕ್ತಿಯೂ ತಿರುಗಿ ಬರುತ್ತದೆ.

ತಾರಾಬಾಯಿಗೆ ನಿಂತಲ್ಲೇ ಮೈ ಹಗುರಾಯಿತು. "ಅತ್ಯಾರ ಮುಂದ ಇಷ್ಟ ಹೇಳಿಬಿಡ್ರಿ. ನನ್ನ ಮ್ಯಾಲಿನ ಮಾತು ಹೋಗ್ತದ."

"ನಿನ್ನ ಮ್ಯಾಲಿಂದ ಹೋಗಿ ಯಾರ ಮ್ಯಾಲ ಕೂಡ್ತದ?" ಎಂದು ಬಾಳಕೃಷ್ಣ ತಂಬಿಗೆ ಎತ್ತಿ ನೀರು ಕುಡಿದು ಎದ್ದ.

ಎರಡು ತಿಂಗಳಲ್ಲಿ, ಅತ್ತೆ ಹೇಳಿಕಳಿಸಿದ್ದಕ್ಕೆ, ಅಮ್ಮಿನಬಾವಿಯಿಂದ ಯಜ್ಞೇಶ್ವರ ಭಟ್ಟರು ಸಂಬಂಧದ ಮಾತಿಗೆ ಬಂದರು. ಅವರ ಮಗಳು ಇಂದುವಿಗೆ ಇಪ್ಪತ್ತೊಂದು ತುಂಬಿತ್ತು. ಬಡವರ ಮನೆಯಲ್ಲಿ ಅಷ್ಟು ವಯಸ್ಸಿನವರೆಗೆ ಉಳಿದವಳಿಗೆ ಎರಡನೆಯ ಸಂಬಂಧವೇ ದೊಡ್ಡದು. ಆದರೂ ತಂದೆಯ ಜೀವ, ವರನಲ್ಲಿ ಏನೂ ಕೊರತೆ ಇಲ್ಲವಲ್ಲ ಎಂದು ಕೇಳಿದರು. ಉಂಡಿಯ ತಾಟು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ತಾರಾಬಾಯಿ, ಹಿರಿಯರ ಎದುರು ಎಂದೂ ಬಾಯಿ ತೆರೆಯದವಳು, ತೆರೆದಳು.

"ಇವರ ಧೋತರಕ್ಕ ಇರಿವಿ ಮುತ್ತತಾವ್ರಿ. ಸಕ್ಕರಿ ರೋಗ ಅದ. ಹಕೀಮರ ಹೇಳ್ಯಾರ, ಇವರನ್ನ ಕೇಳ್ರಿ."

ಎಲ್ಲರೂ ಬಾಳಕೃಷ್ಣನತ್ತ ತಿರುಗಿದರು. ಅವನ ಒಂದು 'ಹೌದು' ಸಾಕಾಗಿತ್ತು. ಅವನು ಶಲ್ಯದ ಅಂಚು ಸರಿಮಾಡಿಕೊಂಡ.

"ಅಕಿ ಕೈ ಯಾವಾಗ ನೋಡಿದ್ರೂ ಬೆಲ್ಲದ್ದ ಇರ್ತದ್ರಿ."

ಭಾಗೀರಥಿಬಾಯಿ ಮೊದಲು ನಕ್ಕರು. ಸವತಿ ಬರುತ್ತಾಳೆಂದರೆ ಯಾವ ಹೆಂಗಸೂ ಇಷ್ಟು ಹೇಳಿಯಾಳು ಎಂದರು. ಮಗಳನ್ನು ದಾಟಿಸಲೇಬೇಕಿದ್ದ ಭಟ್ಟರೂ ನಕ್ಕರು. ತಾರಾಬಾಯಿಯ ಕೈಯಿಂದ ತಾಟು ಇಸಿದುಕೊಂಡು, ಒಳಗೆ ಪಾಕ ಹತ್ತುತ್ತಿದೆ ಹೋಗು ಎಂದರು ಅತ್ತೆ.

ಮದುವೆಯ ಅಡಿಗೆಯನ್ನೂ ಅವಳೇ ಮಾಡಿದಳು. ಬಾವಿ ಮತ್ತು ಒಗೆತ ಇಂದುವಿನ ಪಾಲಿಗೆ ಹೋದವು. ಪಾಕ ತಾರಾಬಾಯಿಗೇ ಉಳಿಯಿತು. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಪ್ರತಿ ತಿಂಗಳು ಮೂರು ದಿನ ಇಂದು ಹೊರಗೆ ಕುಳಿತಾಗ ಭಾಗೀರಥಿಬಾಯಿ ಬಾಗಿಲಲ್ಲಿ ನಿಂತು ಅವಳನ್ನು ನೋಡುವ ರೀತಿ ತಾರಾಬಾಯಿಗೆ ಗುರುತಿನದಾಗಿತ್ತು. 'ಬಂಜಿ' ಎಂಬ ಮಾತು ಮೊದಮೊದಲು ಇಬ್ಬರ ಮೇಲೂ ಬಿತ್ತು, ಆಮೇಲೆ ಹೊಸಬಳ ಮೇಲೆಯೇ ನಿಂತಿತು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ತಾರಾಬಾಯಿ ಬಿಸಿ ಅನ್ನ ಉಂಡಳು.

ಆ ಮಳೆಗಾಲ ಬಾಳಕೃಷ್ಣನ ಕಾಲ್ಬೆರಳಿಗೆ ಚಪ್ಪಲಿ ಕಡಿಯಿತು. ಗಾಯ ಮಾಯಲಿಲ್ಲ, ಕಪ್ಪಾಗಿ ಮೇಲೇರಿತು. ಕಚೇರಿಗೆ ರಜೆ ಹಾಕಿ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದ. ಒಂದು ಬೆಳಿಗ್ಗೆ ಬಚ್ಚಲಿನಿಂದ ಇಂದು ಕೂಗಿದಳು.

"ಅಕ್ಕಾ, ಇಲ್ಲೆ ಬರ್ರಿ. ಧೋತರಕ್ಕ ನೋಡ್ರಿ, ಇಷ್ಟು ಇರಿವಿ ಎಂದೂ ಮುತ್ತಿದ್ದಿಲ್ಲ."

ಏನದು ಎಂದು ಅತ್ತೆ ದೇವರಮನೆಯಿಂದ ಕೇಳಿದರು. ಪಾಕದ ಬಟ್ಟಲು, ಪಾತ್ರೆ ಹಿಡಿದು ಪಡಸಾಲೆಗೆ ಬಂದಿದ್ದ ತಾರಾಬಾಯಿ ನಿಂತಳು. ಬಾಳಕೃಷ್ಣ ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ. ಈ ಸಲ ಹೇಳು ಎನ್ನುತ್ತಿದ್ದವು ಅವನ ಕಣ್ಣು. ತಾನಾಗಿ ಹೇಳಲು ಅವನಿಗೆ ಇವತ್ತೂ ಆಗಲಿಲ್ಲ.

"ಏನಿಲ್ರಿ, ಅತ್ಯಾರ" ಎಂದಳು ತಾರಾಬಾಯಿ. "ನಮ್ಮ ಇಂದು ಬೆಲ್ಲದ ಕೈ ವರಸ್ಯಾಳ, ಅಷ್ಟ."

ಬಟ್ಟಲನ್ನು ಅವನ ಮುಂದಿಟ್ಟು, ಮೇಲೊಂದು ಸವಟು ಪಾಕ ಹಾಕಿದಳು. ಹಿತ್ತಲಿನಲ್ಲಿ ಭಾಗೀರಥಿಬಾಯಿಯ ಬೈಗುಳ ಶುರುವಾಯಿತು. ಅದರ ಹಿಂದೆಯೇ ಇಂದುವಿನ ಇಪ್ಪತ್ತೊಂದನೆಯ ಕೊಡಕ್ಕೆ ಬಾವಿಯಲ್ಲಿ ಹಗ್ಗ ಇಳಿದ ಸಪ್ಪಳ ಕೇಳಿಸಿತು.